ತಡವರಿಸಿದ್ದು ಕಾರು, ತಪ್ಪಿದ್ದು ತಾತ

ಮೂರು ಭಾನುವಾರ ನನ್ನ ಮೊಮ್ಮಗಳು ಕಾರಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮನೆಗೆ ಬರುತ್ತಿದ್ದಳು, ಅಜ್ಜಿ ಮಾಡಿದ ದೋಸೆ ತಿನ್ನುತ್ತಿದ್ದಳು, ಹಜಾರದಲ್ಲಿ ಕೂತು ಪುಸ್ತಕ ಓದಿಕೊಂಡು ಸಂಜೆ ಹೊರಟುಬಿಡುತ್ತಿದ್ದಳು. ಅದಕ್ಕೆ ಮುಂಚೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಶೆಡ್ಡಿಗೆ ಓಡುತ್ತಿದ್ದ ಹುಡುಗಿ ಅವಳು. ಏಳನೇ ತರಗತಿ. ಸ್ಪ್ಯಾನರುಗಳ ಅಳತೆಯೆಲ್ಲ ಅವಳಿಗೆ ಬಾಯಿಪಾಠ.

ಅವಳು ಬಾರದೆ ಇರುವುದಕ್ಕೆ ಕಾರಣ ನಾನು. ಎಂಜಿನ್ ಕೆಟ್ಟಿತ್ತು. ಕೆಡಿಸಿದ್ದು ನೀನೇ ಎಂದು ಅವಳ ಮೇಲೆ ರೇಗಿದ್ದೆ. ಆಮೇಲೆ ನಿಜವಾಗಿ ಆಗಿದ್ದೇನು ಎಂದು ಕಂಡುಹಿಡಿದ ಕತೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಎಂಜಿನ್ ವಿಷಯ ಮಕ್ಕಳಿಗೆ, ಉಳಿದದ್ದು ನನ್ನ ವಯಸ್ಸಿನವರಿಗೆ.

ಅಂಬಾಸಿಡರಿನ ನೆಂಟ

ನಮ್ಮ ಶೆಡ್ಡಿನಲ್ಲಿರುವುದು ಎಂಜಿಬಿ ಎಂಬ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, ಉದ್ದನೆಯ ಬಾನೆಟ್, ಮೂತಿಯ ಮೇಲೆ ಎಂಟು ಮೂಲೆಯ ಲಾಂಛನ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಇಂಥ ಐದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ತಯಾರಿಸಿದರು. ನನ್ನದು 1967ರದು.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಮಾರಿಸ್ ಎಂದಕೂಡಲೇ ಹಿರಿಯರಿಗೆ ನಮ್ಮ ಅಂಬಾಸಿಡರ್ ನೆನಪಾಗಬಹುದು. ಅದೂ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನಿಂದ ಹುಟ್ಟಿದ್ದೇ. ಬಹಳ ವರ್ಷ ಅಂಬಾಸಿಡರಿನಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ನನ್ನ ಕಾರಿನ 1798 ಸಿ.ಸಿ. ಎಂಜಿನ್ನೂ ಒಂದೇ ಮನೆತನದವು. ಹಾಗಾಗಿ ಅಂಬಾಸಿಡರ್ ರಿಪೇರಿ ಮಾಡಿ ಕೈ ಪಳಗಿದ ಮೇಸ್ತ್ರಿಗೆ ಈ ಎಂಜಿನ್ ಹೊಸದೆನಿಸುವುದಿಲ್ಲ.

ಒಂದು ಪೆಟ್ಟು ತಪ್ಪಿದರೆ

ಎಂಜಿನ್ ‘ಮಿಸ್ ಹೊಡೆಯುತ್ತಿದೆ’ ಎಂದು ಗ್ಯಾರೇಜಿನಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಹಾಗೆಂದರೆ ಏನು?

ಹಿಂದೆ ಹಳ್ಳಿಯ ಮನೆಗಳಲ್ಲಿ ಹೆಂಗಸರು ಒಂದೇ ಒರಳಿನ ಸುತ್ತ ನಿಂತು ಸರದಿಯಂತೆ ಒನಕೆ ಹಾಕಿ ಭತ್ತ ಕುಟ್ಟುತ್ತಿದ್ದರು. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಬೀಳುತ್ತಿತ್ತು. ಒಬ್ಬರ ಪೆಟ್ಟು ತಪ್ಪಿದರೆ ಒಳಗೆ ಅಡುಗೆ ಮನೆಯಲ್ಲಿ ಇದ್ದವರಿಗೂ ತಾಳ ತಪ್ಪಿದ್ದು ಗೊತ್ತಾಗುತ್ತಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಕೂಡ ಹಾಗೆಯೇ. ಪ್ರತಿ ಸಿಲಿಂಡರಿನಲ್ಲಿ ಒಂದು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಮೊದಲು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಒತ್ತಿ ಹಿಂಡುತ್ತದೆ. ಆಗ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಕೊನೆಗೆ ಹೊಗೆಯನ್ನು ಹೊರಗೆ ದೂಡುತ್ತದೆ. ನಾಲ್ಕು ಸಿಲಿಂಡರುಗಳೂ ಒಂದಾದ ಮೇಲೊಂದರಂತೆ ಈ ಕೆಲಸ ಮಾಡುತ್ತವೆ. ನನ್ನ ಕಾರಿನಲ್ಲಿ ಸರದಿ 1, 3, 4, 2.

ಬ್ಯಾಟರಿಯಲ್ಲಿರುವುದು ಬರೀ 12 ವೋಲ್ಟ್. ಕಾಯಿಲ್ ಎಂಬ ಭಾಗ ಅದನ್ನು ಹತ್ತು ಸಾವಿರ ವೋಲ್ಟಿಗೂ ಮೇಲೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರ್ ಎಂಬುದು ಪಂಕ್ತಿಯಲ್ಲಿ ಬಡಿಸುವವರಂತೆ ಆ ವಿದ್ಯುತ್ತನ್ನು ನಾಲ್ಕು ದಪ್ಪ ವೈರುಗಳ ಮೂಲಕ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ಪ್ಲಗ್ಗಿನ ತುದಿಯಲ್ಲಿ ಸುಮಾರು 0.6 ಮಿಲಿಮೀಟರ್ ಸಂದು. ಅದನ್ನು ಹಾರಿ ದಾಟುವಾಗ ಕಿಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು!

ಇವುಗಳಲ್ಲಿ ಒಂದು ಸಿಲಿಂಡರ್ ಉರಿಯದೆ ಹೋದರೆ ಅದೇ ಮಿಸ್‌ಫೈರ್. ಕಾರು ನಡುಗುತ್ತದೆ, ಎಳೆತ ಕಡಿಮೆಯಾಗುತ್ತದೆ, ಉರಿಯದ ಪೆಟ್ರೋಲ್ ವ್ಯರ್ಥವಾಗಿ ಹೊರಗೆ ಹೋಗುತ್ತದೆ. ಸೈಲೆನ್ಸರಿನ ಬಳಿ ಕಿವಿಯಿಟ್ಟರೆ ‘ಡಬ್ ಡಬ್ ಡಬ್’ ಎಂದು ಬಂದು ನಡುವೆ ಒಂದು ಪೆಟ್ಟು ಖಾಲಿ ಹೋಗುವುದು ಕೇಳುತ್ತದೆ.

ನಾನು ಕೊಟ್ಟ ತೀರ್ಪು

ಆ ಭಾನುವಾರ ಅವಳು ಬಕೆಟ್ಟು, ಬಟ್ಟೆ ಹಿಡಿದು ಕಾರನ್ನು ಚೆನ್ನಾಗಿ ತೊಳೆದಳು. ಮಾರನೆಯ ದಿನ ಕಾರು ತೆಗೆದರೆ ರಸ್ತೆಯುದ್ದಕ್ಕೂ ತಡವರಿಕೆ. ನೀರು ಡಿಸ್ಟ್ರಿಬ್ಯೂಟರಿಗೆ ಹೋಗಿದೆ ಎಂದು ಆ ಕ್ಷಣವೇ ತೀರ್ಮಾನಿಸಿಬಿಟ್ಟೆ. ಸಂಜೆ ಅವಳಿಗೆ ಫೋನ್ ಮಾಡಿ, “ಎಂಜಿನ್ ಮೇಲೆ ನೀರು ಹಾಕಬೇಡ ಅಂತ ಎಷ್ಟು ಸಲ ಹೇಳಿದ್ದೀನಿ?” ಎಂದು ಕೂಗಾಡಿದೆ.

“ನಾನು ಬಾನೆಟ್ಟೇ ತೆಗೆದಿಲ್ಲ ತಾತ” ಎಂದಳು.

“ಸುಳ್ಳು ಬೇರೆ ಹೇಳಬೇಡ” ಎಂದೆ. ಅವಳು ಫೋನ್ ಇಟ್ಟಳು.

ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ನನ್ನಾಕೆಯ ಕೂದಲು ಒಣಗಿಸುವ ಯಂತ್ರದಿಂದ ಚೆನ್ನಾಗಿ ಒಣಗಿಸಿದೆ. ಮಿಸ್ ಹಾಗೆಯೇ ಇತ್ತು. ನೀರೇ ಕಾರಣವಾಗಿದ್ದರೆ ಒಣಗಿದ ಮೇಲೆ ಸರಿಹೋಗಬೇಕಿತ್ತಲ್ಲ? ಆ ಪ್ರಶ್ನೆ ಕೇಳಿಕೊಳ್ಳುವ ಬದಲು, ಕಾರ್ಬುರೇಟರಿಗೂ ನೀರು ಹೋಗಿರಬೇಕು ಎಂದುಕೊಂಡೆ. ನಮ್ಮ ಬೀದಿಯ ಕೊನೆಯಲ್ಲಿರುವ ಹಳೆಯ ಅಂಬಾಸಿಡರ್ ಮೇಸ್ತ್ರಿಯನ್ನು ಕರೆಸಿದೆ. ಅವರು, “ಸಾರ್, ಮೊದಲು ಪ್ಲಗ್ ಬಿಚ್ಚಿ ನೋಡೋಣ” ಎಂದರು. ನಾನು ಕೇಳಲಿಲ್ಲ. ಎರಡು ಕಾರ್ಬುರೇಟರುಗಳನ್ನೂ ಬಿಚ್ಚಿಸಿ, ತೊಳೆಸಿ, ಒಳಗಿನ ಸಾಮಾನು ಬದಲಾಯಿಸಿದ್ದಾಯಿತು. ಸಾವಿರಾರು ರೂಪಾಯಿ ಕೈಬಿಟ್ಟಿತು. ಮಿಸ್ ಮಾತ್ರ ಬಿಡಲಿಲ್ಲ. ಇಷ್ಟು ಹೊತ್ತಿಗೆ ನಿಂತಲ್ಲೇ ಓಡುವಾಗಲೂ ಕಾರು ನಡುಗತೊಡಗಿತ್ತು.

ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಎಂಜಿನ್ ಪಾಠ ಮಾಡಿದವನು ನಾನು. “ಊಹಿಸಬೇಡಿ, ಪರೀಕ್ಷಿಸಿ” ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ!

ಅಜ್ಜಿ ಕೇಳಿದ ಪ್ರಶ್ನೆ

ಮೂರನೆಯ ಭಾನುವಾರ ರಾತ್ರಿ, ಊಟ ಬಡಿಸುತ್ತಾ ನನ್ನಾಕೆ ಕೇಳಿದಳು: “ಅಲ್ಲಾ ರೀ, ಮಗು ತೊಳೆಯೋಕ್ಕೆ ಮುಂಚೆ ಕಾರು ಪೂರ್ತಿ ಸರಿಯಾಗಿತ್ತಾ?”

ಡಾಕ್ಟರ ಬಳಿ ಹೋದರೆ ಅವರು ಮೊದಲು ಕೇಳುವುದೇ, ಇದು ಯಾವಾಗಿನಿಂದ ಎಂದು. ನಾನು ಅದನ್ನೇ ಕೇಳಿಕೊಂಡಿರಲಿಲ್ಲ. ಕಾರಿಗೆಂದು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪೆಟ್ರೋಲು, ಆಯಿಲು, ರಿಪೇರಿ ಎಲ್ಲವನ್ನೂ ಬರೆಯುತ್ತೇನೆ. ಕೈ ತೊಳೆದು ಬಂದು ತೆರೆದು ನೋಡಿದೆ. 5ನೇ ತಾರೀಕು: ‘ನಾಲ್ಕೂ ಪ್ಲಗ್ ವೈರ್ ಹೊಸದು ಹಾಕಿದೆ.’ 12ನೇ ತಾರೀಕು: ‘ಚಾಮುಂಡಿ ಬೆಟ್ಟ. ಮೂರನೇ ಗೇರಿನಲ್ಲಿ ಎರಡು ಮೂರು ಸಲ ತಡವರಿಸಿತು. ಪೆಟ್ರೋಲ್ ಸರಿಯಿಲ್ಲವೇನೋ.’

ಅವಳು ಕಾರು ತೊಳೆದದ್ದು 19ನೇ ತಾರೀಕು.

ನನ್ನದೇ ಅಕ್ಷರ. ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಮಾರನೆಯ ಸಂಜೆ ಅವಳಿಗೆ ಫೋನ್ ಮಾಡಿ, “ಕಾರಿನದು ನನಗೆ ಅರ್ಥ ಆಗ್ತಿಲ್ಲ ಪುಟ್ಟಿ. ಭಾನುವಾರ ಬಂದು ಸ್ವಲ್ಪ ಸಹಾಯ ಮಾಡ್ತೀಯಾ?” ಎಂದೆ. ತಪ್ಪಾಯಿತು ಎಂಬ ಮಾತು ಅಂದು ಬಾಯಿಗೆ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮನ್ನ ಕೇಳ್ತೀನಿ” ಎಂದಳು.

ಒಂದೊಂದಾಗಿ ವಿಚಾರಣೆ

ಭಾನುವಾರ ಮಧ್ಯಾಹ್ನ ಬಂದಳು. ಶೆಡ್ಡಿನ ಬಾಗಿಲಲ್ಲೇ ನಿಂತಳು. ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಎದುರಿಗೆ ಎಂಜಿನ್ ಸುತ್ತು ತೋರಿಸುವ ಮೀಟರ್ ಇದೆ. ಅದರ ಮುಳ್ಳು ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ಗೇರು ನ್ಯೂಟ್ರಲ್‌ನಲ್ಲಿತ್ತು, ಹ್ಯಾಂಡ್ ಬ್ರೇಕ್ ಎಳೆದಿತ್ತು, ಶೆಡ್ಡಿನ ಬಾಗಿಲು ಪೂರ್ತಿ ತೆರೆದಿತ್ತು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಅದರ ಹೊಗೆ ಪ್ರಾಣಕ್ಕೇ ಅಪಾಯ.

ಪರೀಕ್ಷೆ ಸರಳ. ಎಂಜಿನ್ ನಿಲ್ಲಿಸಿ ಒಂದು ಪ್ಲಗ್ಗಿನ ವೈರ್ ಕಳಚಬೇಕು. ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗುವಂತೆ ಭದ್ರ ಮಾಡಿ ಮತ್ತೆ ಎಂಜಿನ್ ಓಡಿಸಬೇಕು. ಚೆನ್ನಾಗಿ ದುಡಿಯುತ್ತಿರುವ ಸಿಲಿಂಡರಿನ ವೈರ್ ತೆಗೆದರೆ ಎಂಜಿನ್ ಇನ್ನಷ್ಟು ಸೊರಗುತ್ತದೆ. ದುಡಿಯದೆ ಕೂತ ಸಿಲಿಂಡರಿನ ವೈರ್ ತೆಗೆದರೆ ಏನೂ ವ್ಯತ್ಯಾಸವಾಗುವುದಿಲ್ಲ. ಆ ವೈರಿನಲ್ಲಿ ಹರಿಯುವ ವಿದ್ಯುತ್ ಬಲವಾಗಿ ಹೊಡೆಯುತ್ತದೆ. ಆದ್ದರಿಂದ ಮಕ್ಕಳು ಇದನ್ನು ಮಾಡಬಾರದು, ದೊಡ್ಡವರೂ ಓಡುವ ಎಂಜಿನ್ನಿನಲ್ಲಿ ವೈರಿಗೆ ಕೈ ಹಾಕಬಾರದು.

ಅವಳ ಪುಸ್ತಕದಲ್ಲಿ ಹೀಗೆ ದಾಖಲಾಯಿತು: ಎಲ್ಲ ವೈರ್ ಇದ್ದಾಗ 750 ಸುತ್ತು. ಒಂದನೆಯದು ತೆಗೆದಾಗ 500, ತುಂಬ ನಡುಕ. ಎರಡನೆಯದು ತೆಗೆದಾಗಲೂ 500. ಮೂರನೆಯದು ತೆಗೆದಾಗ 750. ನಾಲ್ಕನೆಯದು ತೆಗೆದಾಗ ನಿಂತೇ ಹೋಯಿತು.

“ಮೂರು ಕೆಲಸಾನೇ ಮಾಡ್ತಿಲ್ಲ ತಾತ!” ಕಾರಿನೊಳಗಿಂದ ಕೂಗಿದಳು. ಮೂರು ವಾರದ ಮೇಲೆ ಆ ದನಿ ಕೇಳಿದ್ದು.

ಯಾವುದು ಎಂದು ಗೊತ್ತಾಯಿತು. ಯಾಕೆ ಎಂಬುದು ಉಳಿಯಿತು. ಸಿಲಿಂಡರ್ ಉರಿಯಲು ಮೂರು ಬೇಕು: ಮಿಶ್ರಣ, ಒತ್ತಡ, ಕಿಡಿ. ಮೂರನೆಯ ಪ್ಲಗ್ ಬಿಚ್ಚಿದೆ. ಆರೋಗ್ಯವಾದ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿರುತ್ತದೆ. ಉಳಿದ ಮೂರು ಹಾಗೆಯೇ ಇದ್ದವು. ಇದು ಮಾತ್ರ ಕಪ್ಪಗೆ, ಒದ್ದೆಯಾಗಿ, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ ಎಂದರ್ಥ.

ಈ ಎಂಜಿನ್ನಿನಲ್ಲಿ ಒಂದು ವಿಶೇಷವಿದೆ. ಮುಂದಿನ ಕಾರ್ಬುರೇಟರ್ 1 ಮತ್ತು 2ಕ್ಕೆ, ಹಿಂದಿನದು 3 ಮತ್ತು 4ಕ್ಕೆ ಮಿಶ್ರಣ ಕೊಡುತ್ತದೆ. ಮೂರೂ ನಾಲ್ಕೂ ಒಂದೇ ಬಾಗಿಲಿನಿಂದ ಊಟ ಪಡೆಯುವ ಅಣ್ಣತಮ್ಮಂದಿರು. ಇದನ್ನು ಚಿತ್ರ ಬರೆದು ತೋರಿಸಿದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ, “ಕಾರ್ಬುರೇಟರ್ ಕೆಟ್ಟಿದ್ರೆ ನಾಲ್ಕನೇದೂ ಕೆಡಬೇಕಿತ್ತಲ್ವಾ?” ಎಂದಳು.

ಕೆಡಬೇಕಿತ್ತು. ನಾಲ್ಕನೆಯದು ಗಟ್ಟಿಮುಟ್ಟಾಗಿತ್ತು. ನನ್ನ ಸಾವಿರಾರು ರೂಪಾಯಿ ಹೋದದ್ದು ತಪ್ಪಿಲ್ಲದ ಭಾಗಕ್ಕೆ ಎಂದು ಏಳನೇ ತರಗತಿಯ ಹುಡುಗಿ ಒಂದು ನಿಮಿಷದಲ್ಲಿ ತೋರಿಸಿಕೊಟ್ಟಳು.

ಮುಂದಿನದು ಒತ್ತಡ. ಪ್ಲಗ್ ಇರುವ ತೂತಿಗೆ ಒತ್ತಡದ ಮಾಪಕ ಹಾಕಿ ನಾಲ್ಕೂ ಸಿಲಿಂಡರ್ ಅಳೆದೆವು. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ. ಮೂರನೆಯದರಲ್ಲಿ ಕಡಿಮೆ ಬಂದಿದ್ದರೆ ವಾಲ್ವ್ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದಿತ್ತು, ಎಂಜಿನ್ ಬಿಚ್ಚಬೇಕಾಗುತ್ತಿತ್ತು. ಸದ್ಯ, ಅದಲ್ಲ. ಉಳಿದದ್ದು ಕಿಡಿ. ಎರಡನೆಯ ಪ್ಲಗ್ಗನ್ನು ಮೂರಕ್ಕೂ ಮೂರನೆಯದನ್ನು ಒರೆಸಿ ಎರಡಕ್ಕೂ ಹಾಕಿ ನೋಡಿದೆವು. ಪ್ಲಗ್ ಕೆಟ್ಟಿದ್ದರೆ ಕಾಯಿಲೆ ಎರಡನೆಯ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮೂರರಲ್ಲೇ ಉಳಿಯಿತು. ಪ್ಲಗ್ಗಿನದೂ ತಪ್ಪಿಲ್ಲ. ಇನ್ನು ಉಳಿದದ್ದು ವೈರು, ಇಲ್ಲವೇ ಡಿಸ್ಟ್ರಿಬ್ಯೂಟರಿನ ಮುಚ್ಚಳ.

ಕತ್ತಲಲ್ಲಿ ಮಿಂಚು

ಹಗಲಲ್ಲಿ ಕಾಣದ್ದು ಕತ್ತಲಲ್ಲಿ ಕಾಣುತ್ತದೆ. ರಾತ್ರಿ ಎಂಟರವರೆಗೆ ಕಾದೆವು. ಶೆಡ್ಡಿನ ದೀಪ ಆರಿಸಿ, ಬಾಗಿಲು ತೆರೆದೇ ಇಟ್ಟು, ಬಾನೆಟ್ ಎತ್ತಿ ಎಂಜಿನ್ ಓಡಿಸಿದೆ. ಅವಳನ್ನು ದೂರದಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿದ್ದೆ. ಮೊದಲಿಗೆ ಏನೂ ಕಾಣಲಿಲ್ಲ. ‘ಟಿಕ್ ಟಿಕ್’ ಎಂಬ ಸಣ್ಣ ಸದ್ದು ಮಾತ್ರ ಕೇಳಿದಂತಾಯಿತು. ಆಗ ಅಜ್ಜಿ ಗುಲಾಬಿ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ತಂದು, ವೈರುಗಳ ಮೇಲೆ ದೂರದಿಂದಲೇ ತುಂತುರು ಹಾಯಿಸಿದೆ. ಯಾವ ನೀರನ್ನು ಮೂರು ವಾರ ಬೈದಿದ್ದೆನೋ ಅದೇ ನೀರು!

“ತಾತ, ಅಲ್ಲಿ! ಮಿಂಚು!”

ನನಗಿಂತ ಮೊದಲು ಅವಳ ಕಣ್ಣಿಗೆ ಬಿತ್ತು. ಮೂರನೆಯ ವೈರಿನ ನಡುವೆ, ಪಕ್ಕದ ತಗಡಿನ ಪಟ್ಟಿಯ ಅಂಚಿಗೆ ನೀಲಿ ಕಿಡಿ ಹಾರುತ್ತಿತ್ತು. ನೂಲಿನಷ್ಟು ಸಣ್ಣದು, ಎಂಜಿನ್ನಿನ ತಾಳಕ್ಕೆ ಸರಿಯಾಗಿ ಮಿಣುಕುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಎಂಜಿನ್ ನಿಲ್ಲಿಸಿ, ದೀಪ ಹಾಕಿ ನೋಡಿದೆ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ರಬ್ಬರ್ ಹೊದಿಕೆ ಕಡಿದುಹೋಗಿತ್ತು. ಹಳೆಯ ವೈರುಗಳನ್ನು ಅಂಚಿಗೆ ತಾಗದಂತೆ ಹಿಡಿದಿಡಲು ಒಂದು ಸಣ್ಣ ಪ್ಲಾಸ್ಟಿಕ್ ಹಿಡಿ ಇತ್ತು. 5ನೇ ತಾರೀಕು ಹೊಸ ವೈರ್ ಹಾಕುವಾಗ ಅದು ಸೀಳಿದೆ ಎಂದು ಕಸಕ್ಕೆ ಎಸೆದವನು ನಾನೇ. ಬೇರೆಯದು ಹಾಕಿರಲಿಲ್ಲ.

ಎಲ್ಲವೂ ಈಗ ಕೂಡಿಬಂತು. ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಒತ್ತುತ್ತೇವೆ. ಸಿಲಿಂಡರಿನಲ್ಲಿ ಮಿಶ್ರಣ ಹೆಚ್ಚಿ ಒತ್ತಡ ಏರುತ್ತದೆ. ಅಷ್ಟು ಒತ್ತಿದ ಮಿಶ್ರಣದಲ್ಲಿ ಸಂದು ದಾಟಲು ಕಿಡಿಗೆ ಇನ್ನೂ ಹೆಚ್ಚು ವೋಲ್ಟ್ ಬೇಕು. ಪಕ್ಕದಲ್ಲಿ ಸುಲಭದ ದಾರಿಯಿದ್ದರೆ ವಿದ್ಯುತ್ ಅದನ್ನೇ ಹಿಡಿಯುತ್ತದೆ. ಹಾಗಾಗಿ 12ನೇ ತಾರೀಕು ಬೆಟ್ಟದಲ್ಲಿ ಮಾತ್ರ ತಡವರಿಸಿತ್ತು. ದಿನದಿನಕ್ಕೆ ಗಾಯ ಆಳವಾಗಿ, ಕೊನೆಗೆ ನಿಂತಲ್ಲೂ ಮಿಸ್ ಆಗತೊಡಗಿತು.

ಅಲ್ಲೇ ಶೆಡ್ಡಿನಲ್ಲಿ ನೋಟ್‌ಬುಕ್ ತಂದು ಮೂರು ತಾರೀಕುಗಳನ್ನೂ ಅವಳಿಗೆ ತೋರಿಸಿದೆ. “ತಪ್ಪು ನಂದು ಪುಟ್ಟಿ. ನೀನು ನಿಜ ಹೇಳಿದೆ, ನಾನು ನಂಬಲಿಲ್ಲ. ಸುಳ್ಳು ಅಂದುಬಿಟ್ಟೆ. ಅದು ಇನ್ನೂ ದೊಡ್ಡ ತಪ್ಪು” ಎಂದೆ. ಅವಳು ಓದಿದಳು. ಏನೂ ಹೇಳಲಿಲ್ಲ. ಪೆನ್ಸಿಲ್ ತೆಗೆದು ಅವತ್ತಿನ ತಾರೀಕು ಹಾಕಿ, ‘ಮೂರನೇ ವೈರ್. ಹಿಡಿ ಇಲ್ಲದೆ ಉಜ್ಜಿಹೋಗಿದೆ’ ಎಂದು ಗುಂಡಗೆ ಬರೆದಳು.

ಇಂದಿನ ಕಾರುಗಳಲ್ಲಿ

ಉಜ್ಜಿಹೋದ ಇಂಥ ವೈರಿಗೆ ಟೇಪ್ ಸುತ್ತಿ ಪ್ರಯೋಜನವಿಲ್ಲ. ಅಷ್ಟು ವೋಲ್ಟನ್ನು ಅದು ತಡೆದು ನಿಲ್ಲಿಸಲಾರದು. ಹೊಸ ವೈರ್ ಹಾಕಿ, ಹೊಸ ಹಿಡಿಯಲ್ಲಿ ನಾಲ್ಕನ್ನೂ ಬಿಡಿಬಿಡಿಯಾಗಿ ಕೂರಿಸಿದೆ. ಖರ್ಚು, ಕಾರ್ಬುರೇಟರಿಗೆ ಸುರಿದದ್ದರ ಮುಂದೆ ಏನೂ ಅಲ್ಲ.

ನಿಮ್ಮ ಮನೆಯ ಹೊಸ ಕಾರಿನಲ್ಲಿ ಡಿಸ್ಟ್ರಿಬ್ಯೂಟರ್ ಇರುವುದಿಲ್ಲ. ಸಾಮಾನ್ಯವಾಗಿ ಪ್ರತಿ ಪ್ಲಗ್ಗಿನ ಮೇಲೆಯೇ ಒಂದೊಂದು ಕಾಯಿಲ್ ಕೂತಿರುತ್ತದೆ. ಎಂಜಿನ್ ತಿರುಗುವ ವೇಗದಲ್ಲಿ ಆಗುವ ಸಣ್ಣ ಏರುಪೇರಿನಿಂದಲೇ ಯಾವ ಸಿಲಿಂಡರ್ ಮಿಸ್ ಆಗುತ್ತಿದೆ ಎಂದು ಕಾರಿನ ಕಂಪ್ಯೂಟರ್ ಕಂಡುಕೊಳ್ಳುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿದಾಗ ಪಿ0303 ಎಂಬ ಸಂಕೇತ ಬಂದರೆ ಮೂರನೆಯ ಸಿಲಿಂಡರ್ ಎಂದು ಅರ್ಥ. ಪಿ0300 ಬಂದರೆ ಒಂದೇ ಸಿಲಿಂಡರ್ ಎಂದು ಬೊಟ್ಟು ಮಾಡಲಾಗದ ಮಿಸ್. ಆದರೆ ಯಾವುದು ಎಂದಷ್ಟೇ ಕಂಪ್ಯೂಟರ್ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅಲ್ಲಿಯೂ ಒಳ್ಳೆಯ ಮೆಕ್ಯಾನಿಕ್ ಮೂರರ ಕಾಯಿಲನ್ನು ಎರಡಕ್ಕೆ ಹಾಕಿ, ಕಾಯಿಲೆ ಜಾಗ ಬದಲಾಯಿಸುತ್ತದೆಯೇ ಎಂದು ನೋಡುತ್ತಾನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಾನೆ. ಇಂಥ ಕಾರುಗಳಲ್ಲಿ ನಾನು ಮಾಡಿದಂತೆ ವೈರ್ ಕಳಚಿ ಎಂಜಿನ್ ಓಡಿಸಲು ಹೋಗಬೇಡಿ. ಮೀಟರಿನ ಬಳಿ ಎಂಜಿನ್ ದೀಪ ಮಿಟುಕತೊಡಗಿದರೆ, ಉರಿಯದ ಪೆಟ್ರೋಲ್ ಹೊಗೆ ಶುದ್ಧಿ ಮಾಡುವ ಭಾಗವನ್ನು ಸುಡುತ್ತಿದೆ ಎಂಬ ಎಚ್ಚರಿಕೆ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸುವುದೇ ಜಾಣತನ.

ಮತ್ತೆ ಬೆಟ್ಟಕ್ಕೆ

ಮುಂದಿನ ಭಾನುವಾರ ಬೆಳಗ್ಗೆ ಚಾವಣಿ ಮಡಚಿ, ಇಬ್ಬರೂ ಬೆಲ್ಟ್ ಹಾಕಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟೆವು. ಅವಳ ತೊಡೆಯ ಮೇಲೆ ನೋಟ್‌ಬುಕ್ ಇತ್ತು. 12ನೇ ತಾರೀಕು ತಡವರಿಸಿದ್ದ ಏರಿನಲ್ಲಿ ಬೇಕೆಂದೇ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದೆ. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಒಂದು ಪೆಟ್ಟೂ ತಪ್ಪಲಿಲ್ಲ.

ಮೇಲೆ ತಲುಪಿ ಕಾರು ನಿಲ್ಲಿಸಿದಾಗ ಅವಳು, ‘ಬೆಟ್ಟ. ಮೂರನೇ ಗೇರ್. ಸರಿಯಾಗಿದೆ’ ಎಂದು ಬರೆದು ಪುಸ್ತಕ ಮುಚ್ಚಿದಳು. ಬಾನೆಟ್ಟಿನ ಮೇಲೆ ಕೂತಿದ್ದ ಧೂಳನ್ನು ಬೆರಳಿನಿಂದ ಒರೆಸಿ ನೋಡಿದಳು. ಆಮೇಲೆ ನನ್ನ ಮುಖ ನೋಡದೆಯೇ ಕೇಳಿದಳು:

“ತಾತ, ಮನೆಗೆ ಹೋದ ಮೇಲೆ ಕಾರು ತೊಳೀಲಾ?”